ವಸಡಿನ ಹಠಮಾರಿ ರೋಗಕ್ಕೆ ಮದ್ದನ್ನು ಎಲ್ಲಿ ಇಡಬೇಕು?

ಶ್ರೀಮಠದ ಆವರಣದಲ್ಲಿ ನಡೆಯುವ ಉಚಿತ ದಂತ ತಪಾಸಣಾ ಶಿಬಿರಗಳಲ್ಲಿ ಸೇವೆ ಸಲ್ಲಿಸುತ್ತ ಬಂದಿರುವ ನಮಗೆ ಪ್ರತಿಬಾರಿಯೂ ಕಾಣಸಿಗುವ ದೃಶ್ಯವೊಂದಿದೆ. ಐವತ್ತು ದಾಟಿದ ಹಿರಿಯರೊಬ್ಬರು ಬಂದು ಬಾಯಿ ತೆರೆದು ಕೂರುತ್ತಾರೆ. ವಸಡು ಕೆಂಪೇರಿ ಊದಿರುತ್ತದೆ. ಉಪಕರಣ ಸೋಕಿದರೆ ಸಾಕು, ನೆತ್ತರು ಜಿನುಗುತ್ತದೆ. ಎರಡು ಮೂರು ಹಲ್ಲುಗಳು ಅಲುಗಾಡುತ್ತಿರುತ್ತವೆ. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರೆ, "ಹತ್ತು ವರ್ಷ ಆತ್ರೀ ಡಾಕ್ಟ್ರ, ನೋವೇನೂ ಇಲ್ರೀ, ವಯಸ್ಸಾತಲ್ರೀ" ಎಂಬ ಉತ್ತರ ಬರುತ್ತದೆ. ಅದರ ಹಿಂದೆಯೇ ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆಯ ಹಾಳೆಯೊಂದು ಹೊರಬರುತ್ತದೆ. ವಸಡು ಊದಿದಾಗಲೆಲ್ಲ ಔಷಧದ ಅಂಗಡಿಯಿಂದ ತಂದು, ಎರಡು ದಿನ ನುಂಗಿ, ಊತ ಇಳಿದೊಡನೆ ನಿಲ್ಲಿಸುವ ಆಂಟಿಬಯೋಟಿಕ್ ಮಾತ್ರೆ ಅದು.

ಈ ಹಿರಿಯರ ಮಾತಿನಲ್ಲಿಯೂ ಜೇಬಿನಲ್ಲಿಯೂ ಇರುವ ಎರಡು ತಪ್ಪು ತಿಳಿವಳಿಕೆಗಳೇ ನಮ್ಮ ನಾಡಿನಲ್ಲಿ ಅಸಂಖ್ಯ ಹಲ್ಲುಗಳನ್ನು ಅಕಾಲದಲ್ಲಿ ಕಳೆಯುತ್ತಿವೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಮೊದಲನೆಯದು, ಹಲ್ಲು ಸಡಿಲವಾಗುವುದು ವಯೋಧರ್ಮ ಎಂಬುದು. ಎರಡನೆಯದು, ವಸಡಿನ ರೋಗಕ್ಕೆ ಮಾತ್ರೆಯೇ ಮದ್ದು ಎಂಬುದು. ಇತ್ತೀಚೆಗೆ ಇವೆರಡರ ಜೊತೆಗೆ ಮೂರನೆಯದೊಂದು ಪ್ರಶ್ನೆಯೂ ಶಿಬಿರಗಳಲ್ಲಿ ಕೇಳಿಬರುತ್ತಿದೆ: "ವಸಡಿನ ಒಳಗೇ ಔಷಧ ಇಡತಾರಂತಲ್ರೀ, ಅದನ್ನ ನಮಗೂ ಇಡ್ರಿ." ಈ ಚಿಕಿತ್ಸೆ ನಿಜಕ್ಕೂ ಇದೆ. ತನ್ನ ಸ್ಥಾನದಲ್ಲಿ ಅದು ಉಪಯುಕ್ತವೂ ಹೌದು. ಆದರೆ ಅದರ ಸ್ಥಾನ ಯಾವುದು ಎಂಬುದನ್ನು ಅರಿಯದೆ ಬೇಡುವುದೂ ತಪ್ಪು, ನಿರಾಕರಿಸುವುದೂ ತಪ್ಪು. ಆ ಕುರಿತು ಸದ್ಭಕ್ತರಲ್ಲಿ ಕೆಲವು ಮಾತುಗಳನ್ನು ವಿನಂತಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ರೋಗ ಬೇರೂರುವ ಬಗೆ

ಹಲ್ಲಿನ ಮೇಲೆ ಪ್ರತಿದಿನವೂ ಕಣ್ಣಿಗೆ ಕಾಣದಷ್ಟು ತೆಳುವಾದ ಅಂಟುಪಾಚಿಯೊಂದು ಕಟ್ಟುತ್ತದೆ. ಇದನ್ನು ಪ್ಲಾಕ್ ಎನ್ನುತ್ತೇವೆ. ಇದು ಕೇವಲ ಅನ್ನದ ಅಗುಳಿನ ಶೇಷವಲ್ಲ. ಕೋಟ್ಯಂತರ ಸೂಕ್ಷ್ಮಜೀವಿಗಳು ತಮ್ಮ ಸುತ್ತ ಅಂಟಿನ ಗೋಡೆ ಕಟ್ಟಿಕೊಂಡು ನೆಲೆಸಿದ ವಸಾಹತು. ಉಜ್ಜಿ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಇದರೊಳಗೆ ಸೇರಿ ಗಟ್ಟಿಯಾದ ಕಿಟ್ಟವಾಗುತ್ತದೆ. ಒಮ್ಮೆ ಕಿಟ್ಟ ಕಟ್ಟಿತೆಂದರೆ ಬೇವಿನಕಡ್ಡಿಯಿಂದಾಗಲಿ ಬ್ರಷ್‌ನಿಂದಾಗಲಿ ಅದು ಹೋಗದು.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿ ತೋರಿಸಿದರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡಿನಲ್ಲಿಯೂ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜಲು ಆರಂಭಿಸಿದಾಗ ಒಂದು ವಾರದ ಆಸುಪಾಸಿನಲ್ಲಿ ಅದು ಮಾಯವಾಯಿತು. ಉಜ್ಜುವಾಗ ರಕ್ತ ಬರುವ ಹಂತದಲ್ಲಿ ಎಚ್ಚೆತ್ತುಕೊಂಡರೆ ರೋಗ ಪೂರ್ಣವಾಗಿ ಹಿಂದೆ ಸರಿಯುತ್ತದೆ ಎಂಬುದು ಇದರ ಪಾಠ.

ಎಚ್ಚೆತ್ತುಕೊಳ್ಳದಿದ್ದರೆ ಪಾಚಿ ವಸಡಿನ ಕೆಳಗೆ ಇಳಿಯುತ್ತದೆ. ಆರೋಗ್ಯವಾಗಿರುವಾಗ ಹಲ್ಲಿಗೂ ವಸಡಿಗೂ ನಡುವಿನ ಸಂದು 1ರಿಂದ 3 ಮಿ.ಮೀ. ಆಳವಿರುತ್ತದೆ. ರೋಗದಲ್ಲಿ ಅದು 4, 5, 6 ಮಿ.ಮೀ. ಆಳದ ಚೀಲವಾಗುತ್ತದೆ. ಇದನ್ನೇ ವೈದ್ಯರು ಪಾಕೆಟ್ ಎನ್ನುತ್ತಾರೆ. ಚೀಲ ಆಳವಾದಂತೆ ಹಲ್ಲನ್ನು ಹಿಡಿದ ದವಡೆಯ ಎಲುಬು ಕರಗುತ್ತ ಹೋಗುತ್ತದೆ. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಇಷ್ಟೆಲ್ಲ ನಡೆಯುವಾಗಲೂ ಹೆಚ್ಚಿನವರಿಗೆ ನೋವಿರುವುದಿಲ್ಲ. ನೋವಿಲ್ಲದಿರುವುದನ್ನೇ ರೋಗವಿಲ್ಲವೆಂದು ಭಾವಿಸಿ ನಮ್ಮ ಹಿರಿಯರು ಹತ್ತು ವರ್ಷ ಕಳೆದುಬಿಡುತ್ತಾರೆ.

ಮೊದಲು ಶುದ್ಧಿ

ಈ ರೋಗದ ಮೂಲ ಚಿಕಿತ್ಸೆ ಔಷಧವಲ್ಲ, ಶುದ್ಧಿ. ವಸಡಿನ ಮೇಲೂ ಕೆಳಗೂ ಕಟ್ಟಿರುವ ಕಿಟ್ಟವನ್ನು ತೆಗೆದು ಬೇರಿನ ಮೇಲ್ಮೈಯನ್ನು ನಯಗೊಳಿಸುವ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್ ಎಂಬ ಕ್ರಮವೇ ಇದರ ಅಡಿಗಲ್ಲು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ" ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಆಳವಾಗಿ ಬೇರೂರಿದೆ. ಎಲುಬು ಕರಗಿ ಆಗಲೇ ಸಡಿಲವಾಗಿದ್ದ ಹಲ್ಲುಗಳನ್ನು ಕಿಟ್ಟವು ಒಂದಕ್ಕೊಂದು ಬೆಸೆದು ಹಿಡಿದಿರುತ್ತದೆ. ಕಿಟ್ಟ ತೆಗೆದಾಗ ಮುಚ್ಚಿಹೋಗಿದ್ದ ಸಡಿಲತೆ ಅನುಭವಕ್ಕೆ ಬರುತ್ತದೆ. ಊತ ಇಳಿದಾಗ ಹಲ್ಲುಗಳ ನಡುವೆ ಸಂದಿ ಕಾಣುತ್ತದೆ. ಇವೆರಡೂ ರೋಗ ಮಾಡಿದ ಹಾನಿ, ಶುದ್ಧಿ ಮಾಡಿದ್ದಲ್ಲ. ವಸಡು ಗಟ್ಟಿಯಾದಂತೆ ಎಷ್ಟೋ ಹಲ್ಲುಗಳು ಮೊದಲಿಗಿಂತ ಬಿಗಿಯಾಗುವುದನ್ನೂ ನಾವು ಕಂಡಿದ್ದೇವೆ.

ಶುದ್ಧಿಯಾದ ಎರಡು ಮೂರು ತಿಂಗಳಿಗೆ ಪಾಕೆಟ್‌ಗಳನ್ನು ಮತ್ತೆ ಅಳೆಯಬೇಕು. ರೋಗಿಯೂ ಮನೆಯಲ್ಲಿ ಶ್ರದ್ಧೆಯಿಂದ ಉಜ್ಜುತ್ತಿದ್ದರೆ ಬಹುಪಾಲು ಪಾಕೆಟ್‌ಗಳು ಕಿರಿದಾಗಿ ರಕ್ತಸ್ರಾವ ನಿಂತಿರುತ್ತದೆ. ಆದರೆ ಕೆಲವು ಮಾತ್ರ ಹಟ ಹಿಡಿದು 5 ಮಿ.ಮೀ. ಅಥವಾ ಅದಕ್ಕೂ ಆಳವಾಗಿಯೇ ಉಳಿದು, ಮುಟ್ಟಿದರೆ ರಕ್ತ ಸೂಸುತ್ತಿರುತ್ತವೆ. ದವಡೆ ಹಲ್ಲಿನ ಬೇರುಗಳು ಕವಲೊಡೆಯುವ ಎಡೆ, ಎಲುಬಿನಲ್ಲಿ ಗುಳಿ ಬಿದ್ದ ಜಾಗ ಇಂಥಲ್ಲಿ ಉಪಕರಣದ ತುದಿ ಸರಿಯಾಗಿ ತಲುಪದು. ಈ ಉಳಿದ ಹಠಮಾರಿ ಪಾಕೆಟ್‌ಗಳೇ ಇಂದಿನ ನಮ್ಮ ವಿಷಯ.

ಮಾತ್ರೆ ಏಕೆ ಸಾಲದು?

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ ನಾವೂ ಊದಿದ ವಸಡು ಕಂಡೊಡನೆ ಮಾತ್ರೆ ಬರೆದುಕೊಟ್ಟವರೇ. ರೋಗಿ ಬೇಗ ಸಮಾಧಾನಗೊಳ್ಳುತ್ತಿದ್ದರು. ಆರು ತಿಂಗಳಿಗೆ ಅದೇ ಹಲ್ಲು ಹಿಡಿದುಕೊಂಡು ಮತ್ತೆ ಬರುತ್ತಿದ್ದರು. ಕಾರಣ ಸರಳವಾದದ್ದು. ನುಂಗಿದ ಔಷಧ ರಕ್ತದಲ್ಲಿ ಬೆರೆತು ಇಡೀ ದೇಹಕ್ಕೆ ಹಂಚಿಹೋಗುತ್ತದೆ. ಪಾಕೆಟ್‌ಗೆ ತಲುಪುವುದು ಅತ್ಯಲ್ಪ. ತಲುಪಿದ್ದೂ ಪಾಚಿಯ ಅಂಟುಗೋಡೆಯನ್ನು ಸುಲಭವಾಗಿ ಭೇದಿಸದು. ಗುಂಪುಗಟ್ಟಿ ಗೋಡೆ ಕಟ್ಟಿಕೊಂಡ ಸೂಕ್ಷ್ಮಜೀವಿಗಳನ್ನು ಕೊಲ್ಲಲು, ಒಂಟಿಯಾಗಿ ತೇಲುವವುಗಳಿಗೆ ಬೇಕಾದುದಕ್ಕಿಂತ ಅನೇಕ ಪಟ್ಟು ಹೆಚ್ಚು ಔಷಧ ಬೇಕು. ಅಷ್ಟನ್ನು ನುಂಗಿಸುವುದು ಸಾಧ್ಯವಿಲ್ಲ.

ಮಾತ್ರೆ ಪಾಕೆಟ್‌ನಲ್ಲಿ ಮಾಡುವ ಉಪಕಾರ ಅಲ್ಪವಾದರೂ ದೇಹದ ಬೇರೆಡೆ ಮಾಡುವ ಅಪಕಾರ ಅಲ್ಪವಲ್ಲ. ಕರುಳಿನಲ್ಲಿರುವ ಉಪಕಾರಿ ಜೀವಿಗಳು ನಾಶವಾಗುತ್ತವೆ. ಬದುಕುಳಿದವು ಔಷಧವನ್ನು ಜಯಿಸುವ ವಿದ್ಯೆ ಕಲಿಯುತ್ತವೆ. ನಾಳೆ ನ್ಯುಮೋನಿಯಾ ಬಂದಾಗಲೋ ಶಸ್ತ್ರಚಿಕಿತ್ಸೆಯ ಗಾಯ ಕೀವಾದಾಗಲೋ ಅದೇ ಔಷಧ ಕೆಲಸ ಮಾಡದೆ ಹೋದರೆ ಅದರ ಬೆಲೆ ತೆರುವವರು ನಮ್ಮ ಮನೆಯ ಮಕ್ಕಳೇ ಆಗಬಹುದು. ಈ ಅಪಾಯವನ್ನು ಮನಗಂಡೇ ಭಾರತ ಸರ್ಕಾರ 2017ರಲ್ಲಿ ಔಷಧ ನಿರೋಧಕತೆಯ ವಿರುದ್ಧ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ರೂಪಿಸಿತು. ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ಹೊರತಂದ ಮಾರ್ಗಸೂಚಿಯೂ ಈ ರೋಗಕ್ಕೆ ವಾಡಿಕೆಯಾಗಿ ಆಂಟಿಬಯೋಟಿಕ್ ಮಾತ್ರೆ ಕೊಡಬಾರದೆಂದೇ ಹೇಳುತ್ತದೆ. ಕಿರಿಯ ವಯಸ್ಸಿನಲ್ಲಿ ಬಾಯಿ ತುಂಬ ವೇಗವಾಗಿ ಹರಡುವ ರೋಗ, ಜ್ವರದೊಡನೆ ಮುಖ ಊದಿಸುವ ಕೀವುಗಡ್ಡೆ ಇಂಥ ಸಂದರ್ಭಗಳಲ್ಲಿ ಮಾತ್ರೆ ಬೇಕಾಗಬಹುದು. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಔಷಧದ ಅಂಗಡಿಯವರಾಗಲಿ ಪಕ್ಕದ ಮನೆಯವರಾಗಲಿ ಅಲ್ಲ.

ಬಾಯಿ ಮುಕ್ಕಳಿಸುವ ಔಷಧವಾದರೂ ಸಾಲದೇ ಎಂದು ಕೆಲವರು ಕೇಳುತ್ತಾರೆ. ಮುಕ್ಕಳಿಸಿದ್ದು ಪಾಕೆಟ್‌ನ ತಳಕ್ಕೆ ಇಳಿಯುವುದಿಲ್ಲ. ಪಿಚಕಾರಿಯಿಂದ ಒಳಗೆ ಬಿಟ್ಟರೂ ನಿಲ್ಲುವುದಿಲ್ಲ. ವಸಡಿನ ಅಂಚಿನಿಂದ ಸದಾ ಒಂದು ದ್ರವ ಒಸರುತ್ತಿರುತ್ತದೆ, 5 ಮಿ.ಮೀ. ಆಳದ ಪಾಕೆಟ್‌ನಲ್ಲಿ ಅದು ಗಂಟೆಗೆ ಸುಮಾರು 40 ಬಾರಿ ಬದಲಾಗುತ್ತದೆ ಎಂಬ ಅಂದಾಜಿದೆ. ಹರಿಯುವ ಹಳ್ಳಕ್ಕೆ ಹಾಕಿದ ಅರಿಷಿಣದಂತೆ ಔಷಧ ಕ್ಷಣಮಾತ್ರದಲ್ಲಿ ಕೊಚ್ಚಿಹೋಗುತ್ತದೆ.

ಪಾಕೆಟ್‌ನ ಒಳಗೇ ಔಷಧ

ಹಾಗಾದರೆ ಔಷಧವನ್ನು ಕೊಚ್ಚಿಹೋಗದಂತೆ ಯಾವುದಾದರೊಂದು ಪದಾರ್ಥದಲ್ಲಿ ಹಿಡಿದಿಟ್ಟು, ಪಾಕೆಟ್‌ನೊಳಗೆ ಇರಿಸಿ, ದಿನಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದರೆ ಹೇಗೆ? 1979ರಲ್ಲಿ ಅಮೆರಿಕದ ಮ್ಯಾಕ್ಸ್ ಗುಡ್ಸನ್ ಎಂಬ ವಿಜ್ಞಾನಿ ಟೆಟ್ರಾಸೈಕ್ಲಿನ್ ತುಂಬಿದ ಟೊಳ್ಳು ಎಳೆಗಳನ್ನು ಪಾಕೆಟ್‌ನಲ್ಲಿ ಇರಿಸಿ ಈ ವಿಚಾರಕ್ಕೆ ನಾಂದಿ ಹಾಡಿದರು. ಅದೇ ಜಾಡಿನಲ್ಲಿ ಬೆಳೆದ ಟೆಟ್ರಾಸೈಕ್ಲಿನ್ ಎಳೆಗೆ 1994ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದನ್ನು ಹಲ್ಲಿನ ಸುತ್ತ ವಸಡಿನೊಳಗೆ ಸುತ್ತಿ ಹತ್ತು ದಿನ ಬಿಡುತ್ತಿದ್ದರು. ಮಾತ್ರೆ ನುಂಗಿದಾಗ ಪಾಕೆಟ್‌ನ ದ್ರವದಲ್ಲಿ ಸಿಗುವ ಔಷಧದ ನೂರು ಪಟ್ಟಿಗೂ ಹೆಚ್ಚು ಪ್ರಮಾಣವನ್ನು ಆ ಎಳೆ ಅಲ್ಲಿಯೇ ಒದಗಿಸುತ್ತಿತ್ತು. ಆದರೆ ಅದನ್ನು ಇಡುವುದು ತ್ರಾಸದ ಕೆಲಸ. ಹತ್ತು ದಿನದ ಬಳಿಕ ತೆಗೆಯಲು ಮತ್ತೊಮ್ಮೆ ಬರಬೇಕಿತ್ತು. ಕ್ರಮೇಣ ಅದು ಬಳಕೆಯಿಂದ ಮರೆಯಾಯಿತು.

ಅನಂತರ ಬಂದವು ತಾವಾಗಿಯೇ ಕರಗುವಂಥವು. ಡಾಕ್ಸಿಸೈಕ್ಲಿನ್ ಜೆಲ್ 1998ರಲ್ಲಿ ಬಂತು. ಪಾಕೆಟ್‌ನೊಳಗೆ ಬಿಟ್ಟಾಗ ತೇವ ತಗುಲಿ ಅಲ್ಲಿಯೇ ಮೇಣದಂತೆ ಗಟ್ಟಿಯಾಗುತ್ತದೆ. ಮಿನೋಸೈಕ್ಲಿನ್ ತುಂಬಿದ ಸೂಕ್ಷ್ಮ ಗೋಲಿಗಳ ಪುಡಿ 2001ರಲ್ಲಿ ಬಂತು; ಒಂದು ಪಾಕೆಟ್‌ಗೆ ಕೇವಲ 1 ಮಿಲಿಗ್ರಾಂ ಔಷಧ. ನಮ್ಮ ದೇಶದಲ್ಲಿ ಕೊಲಾಜನ್ ನಾರಿನಲ್ಲಿ ಟೆಟ್ರಾಸೈಕ್ಲಿನ್ ಅದ್ದಿದ ತಯಾರಿಕೆಯೂ ಬಳಕೆಯಲ್ಲಿದೆ. ಕ್ಲೋರ್‌ಹೆಕ್ಸಿಡಿನ್ ತುಂಬಿದ ಪುಟ್ಟ ಬಿಲ್ಲೆಯೂ ಉಂಟು. ಆದರೆ ಅದು ಆಂಟಿಬಯೋಟಿಕ್ ಅಲ್ಲ, ನಂಜುನಿರೋಧಕ.

ಫಲವೆಷ್ಟು?

ಇಲ್ಲಿ ಉತ್ಪ್ರೇಕ್ಷೆಗೆ ಎಡೆಯಿರಬಾರದು. ಅಮೆರಿಕದ ದಂತವೈದ್ಯ ಸಂಘ 2015ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿತು. ಶುದ್ಧಿಯೊಂದರಿಂದಲೇ ವಸಡು ಹಲ್ಲಿಗೆ ಮತ್ತೆ ಅಂಟಿಕೊಳ್ಳುವ ಲಾಭ ಸರಾಸರಿ ಅರ್ಧ ಮಿ.ಮೀ. ಅದರ ಮೇಲೆ ಮಿನೋಸೈಕ್ಲಿನ್ ಗೋಲಿಗಳು ಸೇರಿಸುವುದು ಸುಮಾರು 0.24 ಮಿ.ಮೀ.; ಕ್ಲೋರ್‌ಹೆಕ್ಸಿಡಿನ್ ಬಿಲ್ಲೆ 0.40, ಡಾಕ್ಸಿಸೈಕ್ಲಿನ್ ಜೆಲ್ 0.64. ಕೆಲವೇ ಕಾಗದದ ಹಾಳೆಗಳ ದಪ್ಪದಷ್ಟು ಲಾಭ! ಯುರೋಪಿನ ಮಾರ್ಗಸೂಚಿಯೂ ಇವನ್ನು ಶುದ್ಧಿಯ ಜೊತೆಗೆ ಪರಿಗಣಿಸಬಹುದು ಎಂದಷ್ಟೇ ಹೇಳುತ್ತದೆ. ಎಲ್ಲರಿಗೂ ಬೇಕು ಎನ್ನುವುದಿಲ್ಲ.

ಇಷ್ಟು ಅಲ್ಪ ಲಾಭಕ್ಕೆ ಇಷ್ಟೊಂದು ಆಡಂಬರವೇಕೆ ಎಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಈ ಚಿಕಿತ್ಸೆಯನ್ನು ತಳ್ಳಿಹಾಕುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆ. ಸರಾಸರಿಯು ಇಡೀ ಗುಂಪಿನ ಮಾತು. ನಮ್ಮ ಮುಂದೆ ಕುಳಿತಿರುವುದು ಒಂದು ಬಾಯಿ, ಅದರಲ್ಲಿ ಒಂದು ಹಲ್ಲು. ರಕ್ತ ಸೂಸುವ 5 ಮಿ.ಮೀ. ಪಾಕೆಟ್ ರಕ್ತ ಸೂಸದ 4 ಮಿ.ಮೀ.ಗೆ ಇಳಿದರೆ, ಆ ಹಲ್ಲಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ತಪ್ಪಬಹುದು. ಮನೆಯ ಶುದ್ಧಿ ಮತ್ತು ನಿಯತ ತಪಾಸಣೆಯಿಂದಲೇ ಅದನ್ನು ಕಾಪಾಡಿಕೊಳ್ಳಬಹುದು.

ನಿವೃತ್ತ ಶಿಕ್ಷಕಿಯೊಬ್ಬರು ಶಿಬಿರದಿಂದ ನಮ್ಮಲ್ಲಿಗೆ ಬಂದದ್ದು ನೆನಪಿದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುವ ಸ್ಥಿತಿ ಅವರದು. ಹೃದಯದ ತೊಂದರೆಗೆ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದ ವಸಡಿನ ಶಸ್ತ್ರಚಿಕಿತ್ಸೆಗೆ ಮನಸ್ಸಿರಲಿಲ್ಲ. ಮೊದಲು ಪೂರ್ಣ ಶುದ್ಧಿ ಮಾಡಿದೆವು. ಮೂರು ತಿಂಗಳಿಗೆ ಅಳೆದಾಗ ಬಾಯಿ ಬಹುಪಾಲು ಸುಧಾರಿಸಿತ್ತು. ಮೂರು ಪಾಕೆಟ್‌ಗಳು ಮಾತ್ರ ಉಳಿದಿದ್ದವು. ಅವುಗಳಿಗೆ ಮತ್ತೆ ಶುದ್ಧಿ ಮಾಡಿ ಔಷಧ ಇಟ್ಟೆವು. ಮುಂದಿನ ತಪಾಸಣೆಯಲ್ಲಿ ಎರಡು ಶಾಂತವಾಗಿದ್ದವು. ಮೂರನೆಯದು ಮಣಿಯಲಿಲ್ಲ, ಆ ಹಲ್ಲನ್ನು ಒಂದು ವರ್ಷದ ಬಳಿಕ ಅವರ ಹೃದಯವೈದ್ಯರ ಸಲಹೆ ಪಡೆದು ಕೀಳಬೇಕಾಯಿತು. ಅವರೀಗ ದಾಸೋಹದ ಪಂಕ್ತಿಯಲ್ಲಿ ಕುಳಿತು ಜೋಳದ ರೊಟ್ಟಿಯನ್ನು ಮುರಿದು ಉಣ್ಣುತ್ತಾರೆ. ಎಲ್ಲರಿಗೂ ಹೀಗೆಯೇ ಆಗುವುದೆಂದು ನಾವು ಹೇಳಲಾರೆವು. ಆದರೆ ಈ ಚಿಕಿತ್ಸೆಯ ಶಕ್ತಿಯೂ ಮಿತಿಯೂ ಈ ಒಂದೇ ಬಾಯಿಯಲ್ಲಿ ನಮಗೆ ಕಂಡವು.

ಯಾರಿಗೆ, ಯಾರಿಗಲ್ಲ

ನಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳುವುದಾದರೆ ಹೀಗೆ: ಶುದ್ಧಿಯಾಗಿ, ಮರು ಅಳತೆಯಾಗಿ, ಅಲ್ಲೊಂದು ಇಲ್ಲೊಂದು ಪಾಕೆಟ್ ಉಳಿದಿರುವವರಿಗೆ, ವರ್ಷಗಳ ಕಾಲ ಚೆನ್ನಾಗಿದ್ದು ಒಂದೆರಡು ಕಡೆ ರೋಗ ಮರುಕಳಿಸಿದವರಿಗೆ, ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ಇದು ಯೋಗ್ಯ. ಕಿಟ್ಟದ ಮೇಲೆಯೇ ಔಷಧ ಇಟ್ಟರೆ ಕಸದ ಮೇಲೆ ಸುಣ್ಣ ಬಳಿದಂತೆ. ಹಣವೂ ವ್ಯರ್ಥ, ಔಷಧವೂ ವ್ಯರ್ಥ. ಬಾಯಿ ತುಂಬ ಆಳವಾದ ಪಾಕೆಟ್‌ಗಳಿದ್ದರೆ ವಸಡನ್ನು ತೆರೆದು ಶುದ್ಧಿ ಮಾಡುವ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ. ಅದನ್ನು ಮುಂದೂಡಲು ಈ ಔಷಧವನ್ನು ನೆಪ ಮಾಡಿಕೊಳ್ಳಬಾರದು. ಟೆಟ್ರಾಸೈಕ್ಲಿನ್ ಕುಲದ ಔಷಧಗಳನ್ನು ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ, ಆ ಔಷಧ ಒಗ್ಗದವರಿಗೆ ಬಳಸಬಾರದು. ಇವುಗಳಲ್ಲಿ ಯಾವುದಾದರೂ ಅನ್ವಯಿಸಿದರೆ ವೈದ್ಯರು ಕೇಳುವ ಮೊದಲೇ ತಿಳಿಸುವುದು ಲೇಸು.

ಶ್ರೀಮಠದ ಭಕ್ತರಲ್ಲಿ ಅನೇಕರು ಸಂಕೋಚದಿಂದ ಕೇಳುವ ಇನ್ನೊಂದು ಪ್ರಶ್ನೆಯಿದೆ: ಈ ಔಷಧ ಸಸ್ಯಾಹಾರಿಗಳಿಗೆ ಸಲ್ಲುವುದೇ? ಸಂಕೋಚ ಬೇಡ, ಪ್ರಶ್ನೆ ಸರಿಯಾದದ್ದೇ. ಕೊಲಾಜನ್ ಮತ್ತು ಜೆಲಟಿನ್ ಎಂಬ ಪದಾರ್ಥಗಳು ಪ್ರಾಣಿ ಅಥವಾ ಮೀನಿನ ಮೂಲದವು. ಜೆಲ್ ಮತ್ತು ಸೂಕ್ಷ್ಮ ಗೋಲಿಗಳಲ್ಲಿ ಔಷಧವನ್ನು ಹಿಡಿದಿಡುವುದು ಕೃತಕವಾಗಿ ತಯಾರಿಸಿದ ಪಾಲಿಮರ್. ಆದುದರಿಂದ ಯಾವುದನ್ನು ಇಡುತ್ತಿದ್ದೀರಿ ಎಂದು ವೈದ್ಯರನ್ನು ಮೊದಲೇ ಕೇಳಿ, ತಮ್ಮ ಆಚಾರಕ್ಕೆ ಒಪ್ಪುವುದನ್ನು ಆಯ್ದುಕೊಳ್ಳಬಹುದು. ಹೇಳದೆ ಇಟ್ಟು ಆಮೇಲೆ ತಿಳಿದು ಮನನೊಂದುಕೊಳ್ಳುವಂತೆ ಮಾಡುವುದು ವೈದ್ಯಧರ್ಮವಲ್ಲ ಎಂಬುದು ನಮ್ಮ ನಂಬಿಕೆ.

ಔಷಧ ಇಟ್ಟ ಬಳಿಕ ಕೆಲವು ದಿನ ಜಾಗರೂಕತೆ ಬೇಕು. ಸುಮಾರು ಒಂದು ವಾರ ಆ ಭಾಗದಲ್ಲಿ ಕಡಕ್ ರೊಟ್ಟಿ, ಚಕ್ಕುಲಿ, ಹುರಿಗಡಲೆಯಂಥ ಗಟ್ಟಿ ಪದಾರ್ಥಗಳನ್ನು ಅಗಿಯಬಾರದು. ಆ ಹಲ್ಲಿನ ಸಂದಿಯಲ್ಲಿ ಕಡ್ಡಿಯನ್ನಾಗಲಿ ದಾರವನ್ನಾಗಲಿ ಆಡಿಸಬಾರದು. ಆ ಭಾಗವನ್ನು ಯಾವಾಗಿನಿಂದ ಉಜ್ಜಬೇಕು ಎಂಬುದು ಔಷಧದಿಂದ ಔಷಧಕ್ಕೆ ಬೇರೆಯಾಗುವುದರಿಂದ ವೈದ್ಯರು ಹೇಳಿದಂತೆ ನಡೆಯಬೇಕು. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಲೇಬೇಕು.

ಸಕ್ಕರೆ ಮತ್ತು ತಂಬಾಕು

ಪಾಕೆಟ್ ಹಟ ಹಿಡಿದಾಗ ಅದರ ಹಿಂದೆ ಎರಡು ಕಾರಣಗಳನ್ನು ಹುಡುಕಬೇಕು. ಒಂದು ಸಕ್ಕರೆ ಕಾಯಿಲೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಮಾಯದು. ವಸಡು ಮಾಯದಿದ್ದರೆ ಸಕ್ಕರೆಯೂ ಸುಲಭವಾಗಿ ಹತೋಟಿಗೆ ಬಾರದು. ವಸಡಿಗೆ ಸರಿಯಾದ ಚಿಕಿತ್ಸೆಯಾದಾಗ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಪ್ರಮಾಣ ಸರಾಸರಿ 0.4ರಷ್ಟು ಅಂಶ ಇಳಿಯುತ್ತದೆಂದು ಅಧ್ಯಯನಗಳ ಸಮಗ್ರ ಪರಿಶೀಲನೆ ತೋರಿಸಿದೆ. ಎರಡನೆಯದು ತಂಬಾಕು. ಬೀಡಿ ಸಿಗರೇಟು ಸೇದುವವರಲ್ಲಿ ರಕ್ತನಾಳಗಳು ಕುಗ್ಗಿ ವಸಡಿನ ರಕ್ತಸ್ರಾವ ಮರೆಯಾಗುತ್ತದೆ. ರೋಗ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಎಲೆ ಅಡಿಕೆಯ ಜೊತೆ ದವಡೆಯಲ್ಲಿ ಹೊಗೆಸೊಪ್ಪು ಒತ್ತರಿಸುವ, ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ರೂಢಿ ನಮ್ಮ ತಾಯಂದಿರಲ್ಲಿಯೂ ಉಂಟು. ಇವನ್ನು ಬಿಡದೆ ಎಂಥ ಔಷಧ ಇಟ್ಟರೂ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ.

ಕೊನೆಯ ವಿನಂತಿ

ಕರ್ನಾಟಕ ಸರ್ಕಾರದ ದಂತಭಾಗ್ಯ ಯೋಜನೆಯು ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ನೀಡುತ್ತದೆ. ಅದು ಸ್ತುತ್ಯವಾದ ಕಾರ್ಯ. ಆದರೆ ಹಲ್ಲು ಬೀಳುವ ಮೊದಲೇ ಉಳಿಸುವುದಕ್ಕೂ ಅಷ್ಟೇ ಆಸ್ಥೆ ಬೇಕು. ಬೆಂಗಳೂರು, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಗಳ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಸಡಿಗೆಂದೇ ಪ್ರತ್ಯೇಕ ವಿಭಾಗಗಳಿವೆ. ಹಣದ ಅಡಚಣೆಯಿರುವವರು ಮೊದಲು ಅಲ್ಲಿಗೆ ಹೋಗಿ ವಿಚಾರಿಸಬಹುದು. ನಮ್ಮ ಶಿಬಿರಗಳೂ ಹಲ್ಲು ಕೀಳುವುದಕ್ಕೆ ಸೀಮಿತವಾಗದೆ, ಪಾಕೆಟ್ ಅಳೆದು, ಶುದ್ಧಿ ಮಾಡಿ, ಮೂರು ತಿಂಗಳಿಗೆ ಮರಳಿ ಕರೆದು ನೋಡುವ ಕ್ರಮಕ್ಕೆ ಬರಬೇಕೆಂಬುದು ನಮ್ಮ ಆಶಯ. ಒಮ್ಮೆ ನೋಡಿ ಕಳುಹಿಸಿದ ರೋಗಿಯನ್ನು ಮತ್ತೆ ನೋಡದಿದ್ದರೆ ಯಾವ ಪಾಕೆಟ್ ಹಟ ಹಿಡಿದಿದೆ ಎಂದು ತಿಳಿಯುವುದಾದರೂ ಹೇಗೆ?

ಭಕ್ತರಲ್ಲಿ ನಮ್ಮ ಕೋರಿಕೆ ಇಷ್ಟೇ. ಉಜ್ಜುವಾಗ ರಕ್ತ ಕಂಡರೆ ಉಜ್ಜುವುದನ್ನು ನಿಲ್ಲಿಸದೆ ವೈದ್ಯರನ್ನು ಕಾಣಿರಿ. ದಿನಕ್ಕೆರಡು ಬಾರಿ ಮೃದುವಾದ ಬ್ರಷ್‌ನಿಂದ ಉಜ್ಜಿರಿ, ಹಲ್ಲುಸಂದಿಯನ್ನೂ ಶುಚಿಗೊಳಿಸಿರಿ. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಮಾತ್ರೆಯನ್ನು ವಸಡಿಗೆಂದು ನುಂಗದಿರಿ. ವೈದ್ಯರು ಪಾಕೆಟ್‌ನಲ್ಲಿ ಔಷಧ ಇಡುವೆನೆಂದರೆ ಮೂರು ಪ್ರಶ್ನೆ ಕೇಳಿರಿ: ಶುದ್ಧಿ ಪೂರ್ಣವಾಗಿದೆಯೇ? ಈಗ ಪಾಕೆಟ್ ಎಷ್ಟು ಮಿ.ಮೀ. ಇದೆ? ಮತ್ತೆ ಯಾವಾಗ ಅಳೆಯುವಿರಿ? ಈ ಮೂರಕ್ಕೂ ಸಮಂಜಸವಾದ ಉತ್ತರ ದೊರೆತರೆ ನಿಶ್ಚಿಂತೆಯಿಂದ ಚಿಕಿತ್ಸೆ ಪಡೆಯಿರಿ. ಮುಂದಿನ ಶಿಬಿರಕ್ಕೆ ಬರುವಾಗ ಜೇಬಿನಲ್ಲಿ ಮಾತ್ರೆಯ ಹಾಳೆಯ ಬದಲು ನಿಮ್ಮ ಪಾಕೆಟ್‌ಗಳ ಅಳತೆ ಬರೆದ ಚೀಟಿ ಇರಲಿ. ಅದನ್ನು ನೋಡಿ ಮುಂದಿನ ಮಾತು ಆಡೋಣ.